ಗಾಳಿಗೆ ಹೋದ ಮಂಡಿನೋವು

"ಹಲೋ, ಹಲೋ... ಒಂದು, ಎರಡು, ಮೂರು..."

ಪಕ್ಕದ ಮನೆಯ ಧ್ವನಿವರ್ಧಕ ಬೆಳಗ್ಗೆಯೇ ಗಂಟಲು ಸರಿಮಾಡಿಕೊಳ್ಳುತ್ತಿತ್ತು. ಪಕ್ ತುಗಿರಿನ್ ಅವರ, ಅಂದರೆ ತುಗಿರಿನ್ ಯಜಮಾನರ, ಮಗಳ ಮದುವೆ. ಜಾವಾದ ಆ ಓಣಿಯಲ್ಲಿ ಮದುವೆಯೆಂದರೆ ನೆರೆಹೊರೆಯವರೆಲ್ಲ ಕೆಲಸಕ್ಕೆ ಇಳಿಯಬೇಕು. ಹೆಂಗಸರಿಗೆ ಒಲೆ, ಗಂಡಸರಿಗೆ ಸೌದೆ, ತೆಂಗಿನಕಾಯಿ. ತಪ್ಪಿಸಿಕೊಂಡವನ ಮನೆಯ ಸಮಾರಂಭಕ್ಕೆ ನಾಳೆ ಒಂದು ಬೆಕ್ಕೂ ಇಣುಕುವುದಿಲ್ಲ.

ಆದರೆ ಪಕ್ ಹರ್ಜಿತೊ ಶಪಥ ಮಾಡಿಬಿಟ್ಟಿದ್ದರು. ರೈಲ್ವೆಯಿಂದ ನಿವೃತ್ತರಾದ ಮೇಲೆ ಪರೀಕ್ಷೆ ಬರೆದು ಹವ್ಯಾಸಿ ರೇಡಿಯೊ ಪರವಾನಗಿ ಪಡೆದವರು, ಕೈಯಾರೆ ಬೆಸುಗೆ ಹಾಕಿ ರೇಡಿಯೊ ಕಟ್ಟಿದವರು, ಇಂಥ ವೀರಾಗ್ರಣಿ ತೆಂಗಿನಕಾಯಿ ಸುಲಿಯುವುದೇ? ಇವತ್ತು ಲೊಂಬೊಕ್ ದ್ವೀಪದ ಗೆಳೆಯ ಸಹ್ನಾನ್ ಜೊತೆ ಮಾತಾಡಿಯೇ ತೀರುವುದು!

"ಅಯ್ಯೋ, ಮಂಡಿ!" ಎಂದು ಮಂಚದಲ್ಲಿ ನರಳಿದರು.

ಹೆಂಡತಿ ಬು ಸುಮರ್ನಿ, ಅಂದರೆ ಸುಮರ್ನಿ ಅಮ್ಮ, ತಲೆವಸ್ತ್ರ ಬಿಗಿಯುತ್ತ ತಿರುಗಿದರು. "ನಿನ್ನೆ ರೇಡಿಯೊ ತಂತಿ ಕಟ್ಟೋಕೆ ತುಗಿರಿನ್ ಅವರ ಹಲಸಿನ ಮರ ಹತ್ತಿದ್ರಲ್ಲ ಪಕ್, ಆಗ ಎಲ್ಲಿತ್ತು ಈ ಮಂಡಿ?"

"ಹತ್ತಿದ್ದಕ್ಕೇ ಬಂದಿದ್ದು, ಬು!"

"ಸರಿ, ಬಿದ್ಕೊಳ್ಳಿ. ಹೋದ ತಿಂಗಳು ನಿಮ್ಮ ರೇಡಿಯೊ ದನಿ ಎದುರುಮನೆ ಹಾಜಿಯವರ ಟಿವಿಯಲ್ಲಿ ಬಂತು, ಕ್ಷಮೆ ಕೇಳಿದ್ದು ನಾನು. ಇನ್ನೊಂದ್ಸಲ ಈ ಓಣೀಲಿ ನನ್ನ ಮಾನ ಹೋದ್ರೆ ಆ ಡಬ್ಬಾ ಗುಜರಿಯವನ ಗಾಡಿಗೆ!"

ಅವರ ಚಪ್ಪಲಿಯ ಸದ್ದು ಗೇಟು ದಾಟಿದ್ದೇ ತಡ, ಮಂಡಿ ಗುಣವಾಯಿತು. ವೈದ್ಯಲೋಕ ಕಂಡು ಕೇಳರಿಯದ ವೇಗ! ರೇಡಿಯೊದಲ್ಲಿ ಮೊದಲು ಒಣಗರಿಗಳ ಮೇಲೆ ಮಳೆ ಬಿದ್ದಂಥ ಸದ್ದು. ಆಮೇಲೆ ಅದರೊಳಗಿಂದ, ದೂರದ ದಡದಲ್ಲಿ ಯಾರೋ ದೀಪ ಎತ್ತಿ ಹಿಡಿದಂತೆ, ಒಂದು ದನಿ.

"ಮಾಸ್ ಹರ್ಜಿತೊ, ಅಣ್ಣಾ! ಚೆನ್ನಾಗಿ ಕೇಳ್ತಿದೆ. ಪಕ್ಕದಲ್ಲಿ ಮದುವೆ ಅಂದಿದ್ರಲ್ಲ?"

ಪಕ್ ಹರ್ಜಿತೊ ಗುಂಡಿ ಒತ್ತಿ ಹಿಡಿದರು. "ಮಂಡಿನೋವು ಅಂದೆ, ಬಿಟ್ಟುಬಿಟ್ರು! ತುಗಿರಿನ್ ಕಾಯಿ ತುಗಿರಿನ್ನೇ ಸುಲೀಲಿ! ಅಡುಗೆಮನೆಗೆ ನನ್ನಾಕೆ ದಂಡನಾಯಕಿ. ಅವಳ ಸಾಂಬಾಲ್ ಚಟ್ನಿಗೆ ಉಪ್ಪು ಜಾಸ್ತಿ ಅನ್ನೋ ಗಂಡು ಈ ಓಣೀಲಿ ಇನ್ನೂ ಹುಟ್ಟಿಲ್ಲ, ಹಹ್ಹಾ!"

"ಹಹ್ಹಾ!" ಗೋಡೆಯಾಚೆಯೂ ಯಾರೋ ನಕ್ಕರು. ತಮ್ಮದೇ ನಗು, ತಮಗಿಂತ ಹತ್ತುಪಟ್ಟು ದೊಡ್ಡದಾಗಿ!

ತಟ್ಟನೆ ಎದ್ದರು. ಕಿಟಕಿಯಿಂದ ನೋಡಿದರೆ, ಧ್ವನಿವರ್ಧಕದವನು ತನ್ನ ಕಹಳೆಗಳನ್ನೂ ಅದೇ ಹಲಸಿನ ಮರಕ್ಕೆ, ಇವರ ತಂತಿಯ ಮಗ್ಗುಲಲ್ಲೇ ನೇತುಹಾಕಿದ್ದ. ತಮ್ಮ ದನಿ ತಂತಿಯಿಂದ ಅವಕ್ಕೂ ನುಗ್ಗಿತೇ? ನಂಬಲಾಗದೆ ಮತ್ತೆ ಗುಂಡಿ ಒತ್ತಿ ಮೆಲ್ಲಗೆ, "ಹೂಂ?" ಎಂದರು.

"ಹೂಂ?" ಎಂದು ಇಡೀ ಓಣಿ ಗರ್ಜಿಸಿತು.

ಅಡುಗೆಮನೆಯ ಹೆಂಗಸರ ನಗು ಮಡಕೆ ಒಡೆದಂತೆ ಕೇಳಿಸಿತು. ಅದರ ಮೇಲೆ ಪಕ್ ತುಗಿರಿನ್ ಅವರ ಕೂಗು: "ಮಾಸ್, ಬೇಗ ಬನ್ನಿ, ಕಾಯಿ ಕಾಯ್ತಾ ಇವೆ!"

ಬು ಸುಮರ್ನಿ ಸೌಟಿನ ಸಮೇತ ಬಂದರು. ಬೈಯಲಿಲ್ಲ. ಅದೇ ಭಯಂಕರ! ಮೈಕು ಕಸಿದುಕೊಂಡು, "ಇದನ್ನ ಒತ್ತಬೇಕಾ?" ಎಂದು ಕೇಳಿ ಒತ್ತಿದರು.

"ಪಕ್ ಸಹ್ನಾನ್, ನಾನು ಉಪ್ಪು ಜಾಸ್ತಿ ಹಾಕೋಳು. ನಿಮ್ಮ ಗೆಳೆಯರ ಮಂಡಿ ಗಟ್ಟಿಮುಟ್ಟಾಗಿದೆ. ಡಬ್ಬಾ ಇವತ್ತೇ ಗುಜರಿಗೆ. ನಮಸ್ಕಾರ."

ಗುಂಡಿ ಬಿಟ್ಟರು. ಚರಪರ ಸದ್ದಿನ ನಡುವೆ ಒಂದು ಹೆಣ್ಣುದನಿ ತೂರಿ ಬಂತು.

"ಬು, ಆರಿಸ್ಬೇಡಿ! ನಾನು ಸಹ್ನಾನ್ ಹೆಂಡ್ತಿ. ಇವತ್ತು ನಮ್ಮೂರಲ್ಲಿ ಎಲ್ರೂ ಸೇರಿ ಚರಂಡಿ ತೆಗೀತಿದಾರೆ. ಇವರಿಗೆ ಬೆಳಗ್ಗೆಯಿಂದ ಸೊಂಟನೋವು!"

ಬು ಸುಮರ್ನಿಯ ಹುಬ್ಬು ಮೇಲೇರಿತು. ಕುರ್ಚಿ ಎಳೆದುಕೊಂಡು ಆರಾಮಾಗಿ ಕೂತರು. "ಹೌದಾ! ಯಾವ ಕಡೆ ಸೊಂಟ, ಬು?" ಎಂದು ಅವರೂ ಅವರ ಜೊತೆಗೆ ಹಲಸಿನ ಮರವೂ ಕೇಳಿದವು. ಆಚೆ ಹೆಂಗಸರು ಚಪ್ಪಾಳೆ ತಟ್ಟಿದರು.

"ಡಬ್ಬಾ ಇಲ್ಲೇ ಇರ್ಲಿ," ಎಂದರು ಗಂಡನತ್ತ ತಿರುಗದೆ. "ನೀವು ಹೊರಡಿ."

"ಬು, ಪರವಾನಗಿ ನನ್ನ ಹೆಸರಲ್ಲಿದೆ..."

ಸೌಟು ಬಾಗಿಲು ತೋರಿಸಿತು.

"...ಕಾನೂನು ಪ್ರಕಾರ ನಾನು ಪಕ್ಕದಲ್ಲಿ ಕೂತಿರದೆ ನೀವು ಒಂದಕ್ಷರ ಕೂಡ..." ಎನ್ನುತ್ತ ಪಕ್ ಹರ್ಜಿತೊ ಮೆಟ್ಟಿಲಿಳಿದು, ಗೇಟು ದಾಟಿ, ಕಾಯಿರಾಶಿಯ ಕಡೆಗೆ ನಡೆದರು.