ಹೆಸರಿಲ್ಲದ ಪ್ರೋಟೀನು

ಎಲ್ಲಾ ಶುರುವಾದದ್ದು ಹೆಸರಿಲ್ಲದ ಒಂದು ಪ್ರೋಟೀನಿನಿಂದ.

ಮರೆವಿನ ಕಾಯಿಲೆಯ ನಲವತ್ತು ರೋಗಿಗಳ ಬೆನ್ನುಹುರಿಯ ದ್ರವದಲ್ಲಿ ಮತ್ತು ನಲವತ್ತು ಆರೋಗ್ಯವಂತರ ದ್ರವದಲ್ಲಿ ಯಾವ ಪ್ರೋಟೀನು ಎಷ್ಟಿದೆ ಎಂದು ಹೋಲಿಸುವುದು ಬಾಂಡ್ಲಿಯ ಕೆಲಸ. ಬಾಂಡ್ಲಿ ಎಂಬುದು ಲ್ಯಾಬಿನವರು ಇಟ್ಟ ಹೆಸರು. ಮೂವತ್ತೈದಕ್ಕೇ ಅವನ ಬೋಳು ತಲೆ ಉಜ್ಜಿದ ಬಾಣಲೆಯ ಹಾಗೆ ಫಳಫಳ ಹೊಳೆಯುತ್ತಿತ್ತು. ಅವನ ಗುತ್ತಿಗೆ ಅಂದು ಸಂಜೆಗೆ ಮುಗಿಯುವುದಿತ್ತು. ನಾಲ್ಕು ಗಂಟೆಗೆ ಸಮಿತಿಯ ಮುಂದೆ ಏನಾದರೂ ಹೊಸದನ್ನಿಟ್ಟರೆ ಇನ್ನು ಮೂರು ವರ್ಷ ಕೆಲಸ, ಇಲ್ಲದಿದ್ದರೆ ಮನೆ. ಮನೆಯಲ್ಲಿ ಇಬ್ಬರು ಮಕ್ಕಳು, ಹೆಂಡತಿ, ಜೊತೆಗೆ ಹೆಣಿಗೆಯ ಕಡ್ಡಿಗಳಿಂದ ಕಣ್ಣೆತ್ತಿ ದಿನಕ್ಕೆ ಮೂರು ಸಲ "ಏನಾಯ್ತು ಅಳಿಯಂದ್ರೇ ನಿಮ್ಮ ಕೆಲಸದ್ದು?" ಎಂದು ಕೇಳುವ ಅತ್ತೆ.

ಬೆಳಗ್ಗೆ ಯಂತ್ರ ಪಟ್ಟಿ ಕೊಟ್ಟಿತು. ಒಂದು ಪ್ರೋಟೀನು ನಲವತ್ತೂ ರೋಗಿಗಳಲ್ಲಿತ್ತು, ಆರೋಗ್ಯವಂತರೊಬ್ಬರಲ್ಲೂ ಇರಲಿಲ್ಲ. ಹೆಸರಿನ ಜಾಗದಲ್ಲಿ ಬರೀ ಒಂದು ಸಂಖ್ಯೆ.

ಯಾವ ಪ್ರೋಟೀನಿಗೆ ಯಾವುದರ ನಂಟು ಎಂದು ಕಂಪ್ಯೂಟರಿನಲ್ಲಿ ಬಲೆ ಹೆಣೆಯುವ ಸಹೋದ್ಯೋಗಿಗೆ ಜೇಡ ಎಂದು ಹೆಸರು. ಅವನು ಸಂಖ್ಯೆಯನ್ನು ಬಲೆಗೆ ಹಾಕಿದ. ಅದು ಬಸ್ಸಿನಲ್ಲಿ ಕಿಟಕಿ ಸೀಟು ಹಿಡಿದವರ ಹಾಗೆ ನೇರ ಹೋಗಿ ನಟ್ಟನಡುವೆ ಕೂತಿತು.

"ಲೋ ಬಾಂಡ್ಲಿ, ಎಲ್ಲಾ ದಾರಾನೂ ಇದರ ಹತ್ರಾನೇ ಬರ್ತಿದೆಯಲ್ಲೋ! ಮರೆವಿನ ಮೂಲಾನೇ ಸಿಕ್ತು!"

ಸುದ್ದಿ ಕೇಳಿ ಮುಖ್ಯಸ್ಥರು ಓಡಿಬಂದರು. ಲ್ಯಾಬಿನ ಚಳಿಗೆ ಅವರು ನೇರಳೆ ಬಣ್ಣದ ದಪ್ಪ ಸ್ವೆಟರನ್ನು ಕತ್ತಿನವರೆಗೆ ಎಳೆದುಕೊಂಡಿದ್ದರು. "ನಾನಿಲ್ದೆ ಇದು ಆಗ್ತಿತ್ತೇನಯ್ಯಾ? ರೋಗಿಗಳ ಒಂದೊಂದು ಹನಿ ತಯಾರಾಗುವಾಗ್ಲೂ ನಿನ್ನ ಹೆಗಲ ಮೇಲೆ ಬಗ್ಗಿ ನಿಂತಿದ್ದೆ!"

ಅದು ನಿಜ. ಆರೋಗ್ಯವಂತರ ದ್ರವದ ಸರದಿ ಬಂದಾಗ ಮಾತ್ರ, ಅದರಲ್ಲೇನಿದೆ ನೋಡೋದು ಎಂದು ಅವರು ರಜೆ ಹಾಕಿದ್ದರು.

ಹನ್ನೆರಡರ ಹೊತ್ತಿಗೆ ಪ್ರೋಟೀನಿಗೆ ಮುಖ್ಯಸ್ಥರ ಹೆಸರಿಡುವುದೆಂದು ಮುಖ್ಯಸ್ಥರೇ ತೀರ್ಮಾನಿಸಿದರು. ತನ್ನದೂ ಅರ್ಧ ಹೆಸರು ಸೇರಲಿ ಎಂದು ಜೇಡ ಮುಖ ಊದಿಸಿಕೊಂಡ. ಬಾಂಡ್ಲಿಗೆ ಹೆಸರು ಬೇಡವಾಗಿತ್ತು, ಮೂರು ವರ್ಷ ಸಾಕಿತ್ತು.

ಮೂರು ಗಂಟೆಗೆ, ಪ್ರೋಟೀನು ತೂಗುವ ಯಂತ್ರ ನೋಡಿಕೊಳ್ಳುವ ತೂಕದಕ್ಕ ಒಂದು ಹಾಳೆ ಹಿಡಿದು ಬಂದರು. ಮುಂದಿನ ತಿಂಗಳು ನಿವೃತ್ತಿಯಾಗಲಿದ್ದ ಅವರು ಯಾರಿಗೂ ಹೆದರುತ್ತಿರಲಿಲ್ಲ.

"ಲೋ, ಇದು ಕೂದಲಿನ ಪ್ರೋಟೀನು ಕಣೋ. ಯಾರದ್ದೋ ಉದುರಿ ಬಿದ್ದಿದೆ."

ಎಲ್ಲರೂ ಒಬ್ಬರ ತಲೆ ಒಬ್ಬರು ನೋಡಿದರು. ಜೇಡ ತನ್ನ ದಟ್ಟ ಕ್ರಾಪಿನ ಮೇಲೆ ಕೈ ಮುಚ್ಚಿಕೊಂಡ. ಬಾಂಡ್ಲಿ ಮಾತ್ರ ಬದುಕಿನಲ್ಲಿ ಮೊದಲ ಬಾರಿಗೆ ತನ್ನ ತಲೆಯನ್ನು ಹೆಮ್ಮೆಯಿಂದ ಸವರಿಕೊಂಡ.

"ಪೂರ್ತಿ ಕೇಳ್ರೋ. ಈ ಬಾಂಡ್ಲಿ ಮನುಷ್ಯರ ಪ್ರೋಟೀನುಗಳ ಜೊತೆ ಮಾತ್ರ ಹೋಲಿಸಿದ್ದ. ನಾನು ಪ್ರಾಣಿಗಳದ್ದೂ ಸೇರಿಸಿ ನೋಡಿದೆ. ಇದು ಕುರೀದು. ಉಣ್ಣೆ."

ಮುಖ್ಯಸ್ಥರು ಕೆಂಡವಾದರು. "ಲ್ಯಾಬಿಗೆ ಉಣ್ಣೆ ತಂದವರು ಯಾರು? ಯಾರೇ ಆಗ್ಲಿ, ಅವರ ಕೆಲಸ ಇವತ್ತಿಗೆ ಮುಗೀತು!" ಎಂದು ಮೇಜು ಗುದ್ದಿದರು. ಗುದ್ದಿದ ತೋಳಿನಿಂದ ನೇರಳೆ ಎಳೆಯೊಂದು ಎದ್ದು, ನಿಧಾನವಾಗಿ ತೇಲಿ, ಹಾಳೆಯ ಮೇಲೆ ಕೂತಿತು.

"ಸಾರ್, ನಿಮ್ಮ ತೋಳು ನೋಡ್ಕೊಳ್ಳಿ," ಎಂದರು ತೂಕದಕ್ಕ.

ಮುಖ್ಯಸ್ಥರು ನೋಡಿಕೊಂಡರು. ಬಾಂಡ್ಲಿಗೆ ಹೋದ ಜೀವ ಬಂತು. ತಪ್ಪು ತನ್ನದಲ್ಲ! ಸಮಿತಿಯವರೂ ಒಪ್ಪುತ್ತಾರೆ, ಇನ್ನೊಂದು ಅವಕಾಶ ಕೊಡುತ್ತಾರೆ.

ಮುಖ್ಯಸ್ಥರು ಸ್ವೆಟರಿನ ಅಂಚನ್ನು ಬೆರಳಿನಲ್ಲಿ ಹೊಸೆಯುತ್ತಾ ಯೋಚಿಸಿದರು. ಆಮೇಲೆ ತಲೆಯೆತ್ತಿದರು.

"ಇದು ನಾನು ತಂದದ್ದಲ್ಲವಲ್ಲಯ್ಯಾ. ಹೋದ ತಿಂಗಳು ಗುತ್ತಿಗೆ ಮುಂದುವರಿಸಿ ಅಂತ ಅರ್ಜಿ ಕೊಟ್ಟಾಗ, ಅದರ ಜೊತೆ ಒಂದು ಪೊಟ್ಟಣಾನೂ ಕೊಟ್ಟವನು ಯಾರು? 'ನಮ್ಮ ಅತ್ತೆ ಹೆಣೆದದ್ದು, ಲ್ಯಾಬಲ್ಲಿ ದಿನಾ ಹಾಕ್ಕೊಳ್ಳಿ ಸಾರ್' ಅಂದವನು?"

ಐದೂವರೆಗೆ ಬಾಂಡ್ಲಿ ತನ್ನ ಮೇಜಿನ ಸಾಮಾನನ್ನೆಲ್ಲ ಒಂದು ಡಬ್ಬದಲ್ಲಿ ಹೊತ್ತು ಮನೆ ಸೇರಿದಾಗ ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದರು.

"ಅಳಿಯಂದ್ರೇ, ನಿಮ್ಮ ಸಾಹೇಬ್ರು ಸ್ವೆಟರ್ ಹಾಕ್ಕೋತಿದ್ದಾರೋ ಇಲ್ವೋ?"

"ದಿನಾ ಹಾಕ್ಕೊಂಡಿದ್ರು, ಅತ್ತೆ."

"ನೋಡಿ, ಅವರಿಗೆ ಹಿಡಿಸುತ್ತೆ ಅಂತ ನಾನು ಹೇಳ್ಲಿಲ್ವಾ!" ಅತ್ತೆ ನೇರಳೆ ನೂಲಿನ ಉಂಡೆಯನ್ನು ಮೇಲೆತ್ತಿ ಹಿಡಿದರು. "ಇನ್ನೂ ಇಷ್ಟು ಉಳಿದಿದೆ. ಬನ್ನಿ, ಬಗ್ಗಿ ನಿಂತ್ಕೊಳ್ಳಿ. ನಿಮ್ಮ ತಲೆಗೊಂದು ಟೋಪಿ, ಅಳತೆ ತಗೋಬೇಕು."