ಭರತಿಯ ಕಾಗುಣಿತ ತಿದ್ದಿದ ಕುರಿತು

ದೋಷ ನಿವಾರಣಾ ಶಾಖೆ, ಕಾರವಾರ
ಸಂಖ್ಯೆ: ದೋನಿ/ನೀಮ/ಭರ/17/2006-07
ದಿನಾಂಕ: 9-11-2006

ವಿಷಯ: ಸಮುದ್ರಮಟ್ಟದ ಅಳತೆಯಲ್ಲಿ ನುಸುಳುವ ದೋಷಗಳ ಮೂಲ ಮತ್ತು ನಿವಾರಣೆ.
ಉಲ್ಲೇಖ: ಛಾಯಾಚಿತ್ರ ಒಂದು.

ಸದರಿ ಛಾಯಾಚಿತ್ರದಲ್ಲಿ ಬೈತಖೋಲ ಬಂದರಿನ ಧಕ್ಕೆಯ ಕಡೆಯ ಮೆಟ್ಟಿಲಿದೆ. ನೀರು ಅಲುಗದೆ ನಿಂತಿದೆ. ಅಳತೆಗಂಬದ ಅಂಕಿಗಳನ್ನು ಪಾಚಿ ಒಂದೊಂದಾಗಿ ಮರೆಸುತ್ತ ಬಂದಿದೆ. ಮೊಣಕಾಲುದ್ದ ನೀರಿನಲ್ಲಿ ಬಗ್ಗಿ, ಕಣ್ಣನ್ನು ನೀರಿನ ಗೆರೆಗೆ ಸಮನಾಗಿ ತಂದಿರುವವರು ಬೊಬ್ರುವಾಡದ ಮಾದೇವ. ಹನ್ನೊಂದು ವರ್ಷಗಳಿಂದ ದಿನಗೂಲಿ ಮಾಪಕರು, ಕಾಯಂ ನೇಮಕಕ್ಕೆ ಅರ್ಜಿ ಹಾಕಿಕೊಂಡವರು. ಚಿತ್ರದಲ್ಲಿ ಇಲಾಖೆ ಎಲ್ಲಿಯೂ ಕಾಣುವುದಿಲ್ಲ.

ಆದಕಾರಣ ಸಂಬಂಧಿಸಿದ ಎಲ್ಲರಿಗೂ ತಿಳಿಯಪಡಿಸುವುದೇನೆಂದರೆ:

1. ಓರೆಯಾಗಿ ನೋಡುವುದರಿಂದ ಅಳತೆ ತಪ್ಪುತ್ತದೆಂದು ಶಾಸ್ತ್ರ ಹೇಳುತ್ತದೆ. ಇನ್ನು ಮುಂದೆ ಯಾರೂ ನೋಡತಕ್ಕದ್ದಲ್ಲ.

2. ಕಚೇರಿ ವೇಳೆಯಲ್ಲಿ ಏಳುವ ಅಲೆಗಳನ್ನು ಪರಿಗಣಿಸಲಾಗುವುದಿಲ್ಲ.

3. ಗಣ್ಯರ ಭೇಟಿಗೆಂದು ಕಂಬಕ್ಕೆ ಬಣ್ಣ ಬಳಿದಾಗ ಸೊನ್ನೆಯ ಗುರುತು ಒಂದು ಗೇಣು ಮೇಲೆ ಹೋಗಿರುತ್ತದೆ. ಬಣ್ಣದ ಕಾಮಗಾರಿಗೆ ಮೇಲಧಿಕಾರಿಗಳ ಒಪ್ಪಿಗೆ ಇರುವುದರಿಂದ, ಸಮುದ್ರವೇ ಒಂದು ಗೇಣು ಇಳಿದಿದೆಯೆಂದು ತೀರ್ಮಾನಿಸಲಾಗಿದೆ. ಧಕ್ಕೆಯಲ್ಲಿ ಮೀನು ಮಾರುವ ನಾಗಿ ಎಂಬವರು, "ಸಾಯ್ಬ್ರು ಒಂದ್ಸಲ ಬಂದು ಕಾಲು ಹಸಿ ಮಾಡ್ಕಂಡು ನೋಡ್ಲಿ" ಎಂದದ್ದು ಲಿಖಿತದಲ್ಲಿಲ್ಲದ ಕಾರಣ ಪರಿಶೀಲನಾರ್ಹವಲ್ಲ.

4. ಮಾದೇವ ಅವರು ಅಳತೆ ಪುಸ್ತಕದ ಷರಾ ಅಂಕಣದಲ್ಲಿ, ರಜಾದಿನಗಳನ್ನು ಬಿಟ್ಟು, ದಿನಕ್ಕೆರಡು ಸಲ 'ಭರತಿ' ಎಂದು ಬರೆದಿರುತ್ತಾರೆ. ಇದು ಕಾಗುಣಿತದ ತಪ್ಪೆಂದು ಶಾಖೆಯು 'ಭರ್ತಿ' ಎಂದು ತಿದ್ದಿದೆ. ಅದರಂತೆ ಮಾಪಕರ ಹುದ್ದೆಯು ಕಳೆದ ವರ್ಷ ಒಂದರಲ್ಲೇ ಆರುನೂರ ಹನ್ನೆರಡು ಬಾರಿ ಭರ್ತಿಯಾಗಿರುವುದು ದೃಢಪಟ್ಟಿದೆ. ಖಾಲಿ ಹುದ್ದೆ ಇಲ್ಲದ್ದರಿಂದ ಅವರ ಅರ್ಜಿಯನ್ನು ತಿರಸ್ಕರಿಸಲಾಗಿದೆ.

5. ವಿಚಾರಣೆಯಲ್ಲಿ ಅವರು, "ಸಾಯ್ಬ್ರೆ, ಭರತಿ ಅಂದ್ರೆ ನೀರು ಏರೂದು. ನಮ್ಮ ಬದಿಗೆ ಹಾಂಗೇ ಹೇಳೂದು. ನೌಕ್ರಿ ತುಂಬೂದಲ್ಲ" ಎಂದು ತಿಳಿಸಿರುತ್ತಾರೆ. ಈ ಹೇಳಿಕೆಯನ್ನು 'ಮಾನವ ದೋಷ' ಎಂದು ವರ್ಗೀಕರಿಸಲಾಗಿದೆ. ದೋಷಗಳ ಪಟ್ಟಿಯಲ್ಲಿ ಇಲಾಖೆಯಿಂದ ನಿವಾರಿಸಲು ಸಾಧ್ಯವಾದದ್ದು ಇದೊಂದೇ. ಆದುದರಿಂದ ಇಂದಿನಿಂದಲೇ ಜಾರಿಗೆ ಬರುವಂತೆ ಅವರನ್ನು ನಿವಾರಿಸಲಾಗಿದೆ.

6. ಮುಂದಿನ ಅಳತೆಗಳನ್ನು ಹಳೆಯ ಪುಸ್ತಕದಿಂದ ನಕಲು ಮಾಡತಕ್ಕದ್ದು. ದೋಷದ ಪ್ರಮಾಣ: ಶೂನ್ಯ.

ಸಹಿ/-
ಪ್ರಭಾರ ದೋಷ ನಿವಾರಣಾಧಿಕಾರಿ

ಪ್ರತಿಗಳು:
1. ಸೂಚನಾ ಫಲಕ, ಬೈತಖೋಲ.
2. ಬೇಲೆಕೇರಿ ಉಪಶಾಖೆ: ಅಲ್ಲಿಯ ಸಮುದ್ರವನ್ನೂ ಒಂದು ಗೇಣು ಇಳಿಸಿ ವರದಿ ಸಲ್ಲಿಸಲು.
3. ಶ್ರೀ ಮಾದೇವ: ಖುದ್ದಾಗಿ ನೀಡಲಾಯಿತು. ಎರಡು ಸಲ ಓದಿದರು. ಇವತ್ತಿನ ನೀರನ್ನು ಯಾರು ನೋಡುತ್ತಾರೆಂದು ಕೇಳಿದರು. ಉತ್ತರಿಸಲು ಸಕ್ಷಮ ಪ್ರಾಧಿಕಾರ ಹಾಜರಿರಲಿಲ್ಲ. ಪ್ರತಿಯನ್ನು ಮಡಚಿಕೊಂಡು ಹೊರಗೆ ನಡೆದರು. ಅವರ ಹಿಂದೆ ಬಾಗಿಲು ಮುಚ್ಚಿಕೊಂಡಿತು.