ಮೇಣದಬತ್ತಿಗೆ ಮತ: ಹಿಂದಿನ ಸುತ್ತೋಲೆ ವಾಪಸು ಪಡೆಯುವ ಕುರಿತು

ಸಭಾ ಕಾರ್ಯದರ್ಶಿಯವರ ಕಾರ್ಯಾಲಯ, ಬೆಟಗೇರಿ
(ಚರ್ಚಿನ ಹಿಂಬದಿ, ಕುರ್ಚಿ ಪೇರಿಸಿಡುವ ಕೋಣೆ)

ಸಂಖ್ಯೆ: ಸಭಾ/ಮತ/02

ವಿಷಯ: ನಗರಸಭೆ ಚುನಾವಣೆಯಲ್ಲಿ ಕ್ರೈಸ್ತ ವಿಶ್ವಾಸಿಗಳು ಯಾರಿಗೆ ಮತ ಹಾಕಬೇಕೆಂದು ಹೊರಡಿಸಿದ್ದ ಸುತ್ತೋಲೆಯನ್ನು ರದ್ದುಪಡಿಸುವ ಬಗ್ಗೆ.

ಉಲ್ಲೇಖ: 1) ಇದೇ ಕಾರ್ಯಾಲಯದ ಸುತ್ತೋಲೆ, ಸಂಖ್ಯೆ ಸಭಾ/ಮತ/01. 2) ಶ್ರೀಮತಿ ಮಾರ್ಥವ್ವನವರು ಆರಾಧನೆಯ ನಂತರ ಎದ್ದು ನಿಂತು ಕೇಳಿದ ಪ್ರಶ್ನೆ. 3) ಚುನಾವಣೆಯ ಫಲಿತಾಂಶ.

ಪೀಠಿಕೆ: ಇದನ್ನು ಕ್ಷಮಾಪಣೆ ಪತ್ರವಾಗಿ ಬರೆಯಬೇಕೆಂದು ಸಭಾಪಾಲಕರು ಸೂಚಿಸಿದ್ದರು. ಆದರೆ ಕೆಳಗೆ ಸಹಿ ಮಾಡಿದವರು ಮುಂಡರಗಿಯ ಕಚೇರಿಯೊಂದರಲ್ಲಿ ಮೂವತ್ತೊಂದು ವರ್ಷ ಗುಮಾಸ್ತರಾಗಿದ್ದು, ಲಕ್ಷ್ಮೇಶ್ವರದ ತವರಿಗೆ ಹೋದ ಹೆಂಡತಿಗೆ ಬರೆದ ಪತ್ರಕ್ಕೂ ಉಲ್ಲೇಖ ಸಂಖ್ಯೆ ಹಾಕಿದವರಾದ್ದರಿಂದ, ಬೇರೆ ರೀತಿಯಲ್ಲಿ ಬರೆಯಲು ಅವರಿಗೆ ಬರುವುದಿಲ್ಲವೆಂದು ವಿಷಾದದಿಂದ ತಿಳಿಸಲಾಗಿದೆ.

ಪ್ರಕರಣದ ಹಿನ್ನೆಲೆ:

1. ನಮ್ಮ ವಾರ್ಡಿನಲ್ಲಿ ಮೂವರು ಸ್ಪರ್ಧಿಸಿದ್ದರು. ಮೊದಲನೆಯವರು ಅಡತಿ ವ್ಯಾಪಾರಿ ಹೇಮಪ್ಪ. ಎರಡನೆಯವರು ನಮ್ಮ ಸಭೆಯ ಸದಸ್ಯರೂ ಸಹಿ ಮಾಡಿದವರ ಚಿಕ್ಕಪ್ಪನ ಮಗನೂ ಆದ ಯೋಬಪ್ಪ, ಚಿಹ್ನೆ ಮೇಣದಬತ್ತಿ. ಮೂರನೆಯವರು ಸ್ಮಶಾನದ ದಾರಿಯ ಪಕ್ಕದಲ್ಲಿ ಮಗ್ಗ ಹಾಕಿಕೊಂಡಿರುವ ಅಮೀನಬಿ. ಚಿಹ್ನೆ ಹೊಲಿಗೆ ಯಂತ್ರ.

2. ಚುನಾವಣೆಗೆ ಎರಡು ತಿಂಗಳ ಮೊದಲು ಮಾರ್ಥವ್ವನವರ ಯಜಮಾನರಾದ ಸುವಾರ್ತಪ್ಪನವರು ತೀರಿಕೊಂಡರು. ಅಂದು ಮಳೆಗೆ ಹಳ್ಳ ತುಂಬಿ ಸ್ಮಶಾನದ ದಾರಿಯಲ್ಲಿ ಎದೆಮಟ್ಟ ನೀರು ನಿಂತಿತ್ತು. ಶವಪೆಟ್ಟಿಗೆ ಹೊತ್ತವರು ನಡುದಾರಿಯಲ್ಲಿ ನಿಲ್ಲಬೇಕಾಯಿತು. ಹೇಮಪ್ಪನವರು ಹೂವಿನ ಚಕ್ರ ಕಳಿಸಿದರು. ಅದರಲ್ಲಿ ಹೇಮಪ್ಪನವರ ಫೋಟೋ, ಸುವಾರ್ತಪ್ಪನವರ ಫೋಟೋಕ್ಕಿಂತ ದೊಡ್ಡದಿತ್ತು. ಯೋಬಪ್ಪನವರು ಛತ್ರಿಯ ಕೆಳಗೆ ನಿಂತು ಇಪ್ಪತ್ತೆರಡು ನಿಮಿಷ ಪ್ರಾರ್ಥಿಸಿದರು. ಪೆಟ್ಟಿಗೆ ಹೊತ್ತವರಿಗೆ ಛತ್ರಿ ಇರಲಿಲ್ಲ.

3. ಅಷ್ಟರಲ್ಲಿ ಅಮೀನಬಿಯವರು ಹೊರಬಂದು, ತಮ್ಮ ಮನೆಯ ಹಿತ್ತಲು ಸ್ಮಶಾನದ ಬೇಲಿಗೇ ಹತ್ತಿಕೊಂಡಿದೆಯೆಂದೂ ಮನೆಯೊಳಗಿಂದಲೇ ಹಾಯ್ದು ಹೋಗಬಹುದೆಂದೂ ತಿಳಿಸಿದರು. ಆದರೆ ಪಡಸಾಲೆಯ ಉದ್ದಕ್ಕೂ ಮಗ್ಗಕ್ಕೆ ಏರಿಸಿದ ಸೀರೆಯ ಹಾಸುನೂಲು ದಾರಿ ಕಟ್ಟಿ ಬಿಗಿದಿತ್ತು. ಸಹಿ ಮಾಡಿದವರು ಅದನ್ನು ತೋರಿಸಿ ಬೇಡವೆಂದರು. ಅಮೀನಬಿಯವರು ಕತ್ತರಿ ತಂದು ನೂಲನ್ನು ಅಡ್ಡಕ್ಕೆ ಕತ್ತರಿಸಿದರು. ಅವರು ಆಡಿದ್ದು ಇಷ್ಟೇ: “ನೂಲು ಮತ್ತ ಹಾಸಾಕ ಬರತೈತಿ. ಅವರನ್ನ ಹೊತಗೊಂಡು ಎಷ್ಟೊತ್ತು ಮಳ್ಯಾಗ ನಿಂದರತೀರಿ?” ಸುವಾರ್ತಪ್ಪನವರು ಆ ಪಡಸಾಲೆಯ ಮೂಲಕ ಮಣ್ಣಿಗೆ ಹೋದರು.

4. ಮೇಲ್ಕಂಡದ್ದನ್ನೆಲ್ಲ ಕಣ್ಣಾರೆ ಕಂಡ ಮೇಲೂ ಸಹಿ ಮಾಡಿದವರು ಉಲ್ಲೇಖ (1)ರ ಸುತ್ತೋಲೆಯನ್ನು ಹೊರಡಿಸಿದರು. ಅದರಲ್ಲಿ ಅಭ್ಯರ್ಥಿಗಳ ಭಕ್ತಿಗೆ ಹತ್ತು ಅಂಕ ನಿಗದಿಪಡಿಸಲಾಗಿತ್ತು. ಪ್ರಾರ್ಥನೆಯಲ್ಲಿ ಕಣ್ಣು ಮುಚ್ಚುವ ಅವಧಿಯನ್ನು ಸಹಿ ಮಾಡಿದವರು ಒಂದು ಕಣ್ಣು ತೆರೆದು ಅಳೆದಿದ್ದರು. ಯೋಬಪ್ಪನವರಿಗೆ ಹತ್ತು. ಮತ ಕೇಳಲು ಚರ್ಚಿಗೆ ಬಂದು, ಪ್ರಾರ್ಥನೆ ಮುಗಿಯುವ ಮೊದಲೇ ಆಮೆನ್ ಎಂದ ಹೇಮಪ್ಪನವರಿಗೆ ನಾಲ್ಕು. ಅಮೀನಬಿಯವರ ಹೆಸರಿನ ಮುಂದೆ “ಅನ್ವಯಿಸುವುದಿಲ್ಲ” ಎಂದು ನಮೂದಿಸಲಾಗಿತ್ತು. ದೇವಪೀಠದ ಮೇಲೂ ಮೇಣದಬತ್ತಿ ಇರುವುದರಿಂದ ದೈವಚಿತ್ತ ಸ್ಪಷ್ಟವಿದೆ ಎಂದು ಷರಾ ಬರೆಯಲಾಗಿತ್ತು.

5. ಸದರಿ ಸುತ್ತೋಲೆಯನ್ನು ಭಾನುವಾರ ಓದಿದಾಗ ಮಾರ್ಥವ್ವನವರು ಎದ್ದು ನಿಂತು ಕೇಳಿದ ಪ್ರಶ್ನೆಯನ್ನು ಯಥಾವತ್ತಾಗಿ ದಾಖಲಿಸಿದೆ: “ಕಾರ್ಯದರ್ಶಿಗಳೇ, ನಮ್ಮನಿಯವರನ್ನ ದಾಟಿಸಿದಾಕಿಗೆ ಎಷ್ಟು ಅಂಕ ಕೊಟ್ಟೀರಿ?” ಅದಕ್ಕೆ ನಮೂನೆಯಲ್ಲಿ ಅಂಕಣವಿಲ್ಲವೆಂದು ಸಹಿ ಮಾಡಿದವರು ಉತ್ತರಿಸಿದರು. ಮಾರ್ಥವ್ವನವರು ಕುಳಿತರು. ಸಭೆಯಲ್ಲಿ ಬೇರೆ ಯಾರೂ ಮಾತಾಡಲಿಲ್ಲ. ಆ ಮೌನವನ್ನು ಸಹಿ ಮಾಡಿದವರು ಸರ್ವಾನುಮತ ಎಂದು ನಡಾವಳಿಯಲ್ಲಿ ಬರೆದುಕೊಂಡರು.

6. ಮತದಾನದ ದಿನ ಮತಯಂತ್ರದ ಮುಂದೆ ನಿಂತಾಗ ಸಹಿ ಮಾಡಿದವರ ಬೆರಳು ಹೊಲಿಗೆ ಯಂತ್ರದ ಮೇಲೆ ಹೋದದ್ದು ಸತ್ಯ. ಕತ್ತರಿಯ ಸಪ್ಪಳ ಕಿವಿಯಲ್ಲಿತ್ತು. ಆದರೆ ತಮ್ಮ ಸುತ್ತೋಲೆಯನ್ನು ತಾವೇ ಉಲ್ಲಂಘಿಸಿದರೆ ದೇವರಿಗೆ ಏನೆನ್ನಿಸೀತೆಂದು ಹೆದರಿ ಮೇಣದಬತ್ತಿಯನ್ನು ಒತ್ತಿದರು. ದೇವರು ಸುತ್ತೋಲೆಯನ್ನು ಓದಿದ್ದರೆಂಬುದಕ್ಕೆ ದಾಖಲೆಯಿಲ್ಲ.

7. ಯೋಬಪ್ಪನವರಿಗೆ ನಲವತ್ತಮೂರು ಮತ ಬಂದವು. ನಮ್ಮ ಸಭೆಯ ಮತದಾರರು ನಲವತ್ತಾರು. ಅಮೀನಬಿಯವರು ಹತ್ತೊಂಬತ್ತು ಮತಗಳಿಂದ ಸೋತರು. ಗೆದ್ದ ಹೇಮಪ್ಪನವರು ಚರ್ಚಿಗೆ ಒಂದು ಡಬ್ಬಿ ಪೇಡೆ ಕಳಿಸಿ, ಸಹಕಾರಕ್ಕಾಗಿ ವಂದನೆ ತಿಳಿಸಿದರು. ಸಹಿ ಮಾಡಿದವರು ಎರಡು ಪೇಡೆ ತಿಂದ ಮೇಲೆ ಆ ವಂದನೆಯ ಅರ್ಥ ಹೊಳೆಯಿತು.

8. ಅಂದು ಸಂಜೆ ಸಹಿ ಮಾಡಿದವರು ಮಾರ್ಥವ್ವನವರ ಮನೆಗೆ ಹೋಗಿ, ಇದೆಲ್ಲ ದೇವರ ಚಿತ್ತ ಎಂದು ಸಮಾಧಾನ ಹೇಳಲು ಯತ್ನಿಸಿದರು. ಮಾರ್ಥವ್ವನವರು ಅವರನ್ನು ಅರ್ಧಕ್ಕೇ ತಡೆದರು. “ದೇವರ ಮ್ಯಾಲ ಹಾಕಬ್ಯಾಡ್ರಿ. ಗುಂಡಿ ಒತ್ತಿದವರು ನಾವು. ನಾನೂ ನಿಮ್ಮ ಮಾತಿಗೆ ಅಂಜಿ ಮೇಣದಬತ್ತೀನ ಒತ್ತೇನಿ.” ಸಹಿ ಮಾಡಿದವರು ಮನೆಗೆ ಬಂದು ಈ ಸುತ್ತೋಲೆಯ ಕರಡನ್ನು ಆರಂಭಿಸಿದರು.

ಆದ್ದರಿಂದ ಈ ಕೆಳಗಿನಂತೆ ಆದೇಶಿಸಲಾಗಿದೆ:

(ಅ) ಸುತ್ತೋಲೆ 01ನ್ನು ಹೊರಡಿಸಿದ ದಿನದಿಂದಲೇ ರದ್ದುಪಡಿಸಲಾಗಿದೆ. ಹಾಕಿದ ಮತಗಳನ್ನೂ ಹಿಂದಿನಿಂದ ಜಾರಿಗೆ ಬರುವಂತೆ ರದ್ದುಪಡಿಸಬಹುದೇ ಎಂದು ವಿಚಾರಿಸಲಾಯಿತು. ಬರುವುದಿಲ್ಲವಂತೆ.

(ಆ) ಪ್ರಾರ್ಥನೆಯಲ್ಲಿ ಯಾರು ಕಣ್ಣು ತೆರೆದಿದ್ದರೆಂದು ದೂರು ಕೊಡುವವರು, ತಮಗೆ ಅದು ಹೇಗೆ ಕಂಡಿತೆಂಬ ವಿವರಣೆಯನ್ನು ಮೂರು ಪ್ರತಿಗಳಲ್ಲಿ ಲಗತ್ತಿಸತಕ್ಕದ್ದು.

(ಇ) ಹೂವಿನ ಚಕ್ರದಲ್ಲಿ ಕಳಿಸಿದವರ ಫೋಟೋ ತೀರಿಕೊಂಡವರ ಫೋಟೋಕ್ಕಿಂತ ದೊಡ್ಡದಿದ್ದಲ್ಲಿ, ಯಾರನ್ನು ಹೂಳಬೇಕೆಂಬ ಬಗ್ಗೆ ಸ್ಪಷ್ಟೀಕರಣ ಕೇಳಲಾಗುವುದು.

(ಈ) ಶವಸಂಸ್ಕಾರದಲ್ಲಿ ಪ್ರಾರ್ಥಿಸುವ ಅಭ್ಯರ್ಥಿಗಳು ಪೆಟ್ಟಿಗೆಯ ಒಂದು ಮೂಲೆಗೆ ಹೆಗಲು ಕೊಟ್ಟು ಪ್ರಾರ್ಥಿಸತಕ್ಕದ್ದು. ಸಮಯದ ಮಿತಿಯನ್ನು ಹೆಗಲೇ ನಿರ್ಧರಿಸುವುದು.

(ಉ) ಚುನಾವಣಾ ಚಿಹ್ನೆಗಳಲ್ಲಿ ಆತ್ಮಿಕ ಅರ್ಥ ಹುಡುಕತಕ್ಕದ್ದಲ್ಲ. ಮುಂದಿನ ಸಲ ಯೋಬಪ್ಪನವರಿಗೆ ಪ್ರೆಶರ್ ಕುಕ್ಕರ್ ಬಂದರೆ ಸಹಿ ಮಾಡಿದವರಿಗೆ ಬಹಳ ಕಷ್ಟವಾಗುತ್ತದೆ.

(ಊ) ಸದಸ್ಯರು ತಮ್ಮ ವಿಶ್ವಾಸವನ್ನು ಮತಗಟ್ಟೆಯೊಳಗೆ ಒಯ್ಯಲು ಅಡ್ಡಿಯಿಲ್ಲ, ಒಯ್ಯಲೇಬೇಕು. ಕಾರ್ಯದರ್ಶಿಯವರನ್ನು ಮಾತ್ರ ನೂರು ಮೀಟರು ಆಚೆ ಬಿಟ್ಟು ಹೋಗತಕ್ಕದ್ದು.

(ಋ) ಯಾವುದೇ ಮನುಷ್ಯರ ಹೆಸರಿನ ಮುಂದೆ “ಅನ್ವಯಿಸುವುದಿಲ್ಲ” ಎಂದು ಇನ್ನು ಮುಂದೆ ಬರೆಯತಕ್ಕದ್ದಲ್ಲ.

ಸಹಿ/-
ಫಿಲೆಮೋನ ಕರುಣಾಕರ
ಸಭಾ ಕಾರ್ಯದರ್ಶಿ
(ರಾಜೀನಾಮೆ ಕೊಡಲಾಗಿದೆ, ಅದನ್ನು ಸ್ವೀಕರಿಸಬೇಕಾದ ಅಧಿಕಾರಿ ತಾವೇ ಆದ್ದರಿಂದ ಪರಿಶೀಲನೆಯಲ್ಲಿದೆ)

ಪ್ರತಿಗಳು:

1. ಸಭಾಪಾಲಕರಿಗೆ, ಮಾಹಿತಿಗಾಗಿ. ಇದು ಕ್ಷಮಾಪಣೆಯೇ ಎಂದು ಅವರು ಒಪ್ಪುವರೆಂದು ನಂಬಲಾಗಿದೆ.

2. ಶ್ರೀ ಯೋಬಪ್ಪನವರಿಗೆ. ಹಬ್ಬದ ಊಟಕ್ಕೆ ಕರೆಯುವುದಿಲ್ಲವೆಂದು ಅವರ ಮನೆಯಿಂದ ಈಗಾಗಲೇ ತಿಳಿಸಲಾಗಿದೆ.

3. ಶ್ರೀ ಹೇಮಪ್ಪನವರಿಗೆ, ಉಳಿದ ಪೇಡೆ ಸಹಿತ.

4. ಸೂಚನಾ ಫಲಕಕ್ಕೆ.

5. ಶ್ರೀಮತಿ ಅಮೀನಬಿಯವರಿಗೆ. ಇದನ್ನು ಅಂಚೆಯಲ್ಲಿ ಕಳಿಸತಕ್ಕದ್ದಲ್ಲ. ಸಹಿ ಮಾಡಿದವರೇ ಹೋಗಿ ಪೂರ್ತಿ ಓದಿ ಹೇಳತಕ್ಕದ್ದು. ನಾಲ್ಕನೆಯ ಕಲಮನ್ನು ಹಾರಿಸದಂತೆ ನೋಡಿಕೊಳ್ಳಲು ಮಾರ್ಥವ್ವನವರು ಜೊತೆಗೆ ಬರುವರು. ಅಮೀನಬಿಯವರು ಕೂಡ್ರಲು ಹೇಳಿದರೆ ಕೂಡ್ರತಕ್ಕದ್ದು. ಹೇಳದಿದ್ದರೆ ನಿಂತೇ ಓದತಕ್ಕದ್ದು.